‘ಒಬ್ಬರೇ ಹೇಗಿರ್ತೀರಿ?’

ಮದುವೆ ಮನೆಯಲ್ಲಿ ಸಿಕ್ಕರೂ ಇದೇ ಪ್ರಶ್ನೆ, ತರಕಾರಿ ಅಂಗಡಿಯಲ್ಲಿ ಸಿಕ್ಕರೂ ಇದೇ ಪ್ರಶ್ನೆ. "ಆ ಕೈ ಇಟ್ಕೊಂಡು ಮೈಸೂರಲ್ಲಿ ಒಬ್ರೇ ಹೇಗಿರ್ತೀರಿ? ಪುಣೆಗೆ ಮಗನ ಹತ್ರ ಹೋಗಿ ಇರಬಾರದಾ?" ಕೇಳುವವರಲ್ಲಿ ಕೆಲವರಿಗೆ ನಿಜವಾದ ಕಾಳಜಿ. ಇನ್ನು ಕೆಲವರಿಗೆ ಮಗ ಸೊಸೆಯ ಬಗ್ಗೆ ಕುತೂಹಲ. ಇಬ್ಬರಿಗೂ ಸೇರಿಸಿ ಇಲ್ಲೇ ಉತ್ತರ ಬರೆಯುತ್ತೇನೆ.

ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ನಮ್ಮ ಕಡೆ ಯಾವ ಕೀಲು ನೋವಾದರೂ 'ವಾತ' ಅಂದು ಮುಗಿಸುತ್ತಾರೆ. ಆದರೆ ವಯಸ್ಸಾದ ಮೇಲೆ ಮಂಡಿ ಸವೆಯುವುದೇ ಬೇರೆ, ಇದೇ ಬೇರೆ. ಇದರಲ್ಲಿ ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಕೀಲು ಊದುತ್ತದೆ, ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಮೂಳೆಯನ್ನೂ ತಿನ್ನುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಮೂವತ್ತರ ವಯಸ್ಸಲ್ಲೂ ಬರಬಹುದು. ನೋವಿನ ಜೊತೆಗೆ ಒಂದು ಸುಸ್ತು ಇರುತ್ತದೆ, ಅದು ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಕಾಯಿಲೆಯೇ ತರುವ ಸುಸ್ತು ಅದು.

ಮೊದಲು ಔಷಧಿ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ಯಾರಾದರೂ ಮಾತ್ರೆ ಬಿಟ್ಟಾರು. ನಾನು ಮೆಥೊಟ್ರೆಕ್ಸೇಟ್ ತಗೊಳ್ಳುತ್ತೇನೆ, ವಾರಕ್ಕೆ ಒಂದೇ ದಿನ. ಇದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಕ್ಯಾಲೆಂಡರಿನಲ್ಲಿ ಶನಿವಾರಗಳಿಗೆ ಕೆಂಪು ಗುರುತು ಹಾಕಿದ್ದೇನೆ. ಬೇರೆ ದಿನ ಫೋಲಿಕ್ ಆಸಿಡ್. ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಆಗಾಗ ಮಾಡಿಸಬೇಕು. ಭಾನುವಾರ ಸ್ವಲ್ಪ ವಾಕರಿಕೆ ಇರುತ್ತದೆ, ಹಾಗಾಗಿ ಅವತ್ತು ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ. ಭಾನುವಾರ ಗೃಹಪ್ರವೇಶ ಇಟ್ಟುಕೊಳ್ಳುವ ನೆಂಟರೆಲ್ಲ ದಯವಿಟ್ಟು ಕ್ಷಮಿಸಬೇಕು.

ಇನ್ನು ದಿನ ಸಾಗಿಸುವ ವಿಷಯ. ಕೆಟ್ಟ ದಿನದ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಅವತ್ತು ಕೈಯೇ ಹೇಳುತ್ತದೆ, ಸುಮ್ನೆ ಕೂತ್ಕೋ ಅಂತ. ಭಯ ಇರುವುದು ಒಳ್ಳೆಯ ದಿನದ ಬಗ್ಗೆ. ಬೆಳಿಗ್ಗೆ ಎದ್ದಾಗ ಬೆರಳು ಸಲೀಸಾಗಿ ಮಡಚಿತು ಅಂದರೆ ಸಾಕು, ಬಾಕಿ ಇರುವುದೆಲ್ಲ ಕಣ್ಣಿಗೆ ಬೀಳುತ್ತದೆ. ಪರದೆ ಒಗೆಯೋಣ, ಡಬ್ಬಿ ಉಜ್ಜೋಣ, ದೋಸೆಗೆ ನೆನೆಹಾಕೋಣ, ಹಾಗೇ ಸಂತೆಗೂ ಹೋಗಿ ಬರೋಣ. ಒಂದು ದಿನ ಹಬ್ಬ, ನಾಲ್ಕು ದಿನ ಹಾಸಿಗೆ. ಹಾಸಿಗೆಯಿಂದ ಎದ್ದಾಗ ಕೆಲಸ ಇನ್ನೂ ಬೆಳೆದಿರುತ್ತದೆ, ಮತ್ತೆ ಅದೇ ಸುತ್ತು. ದೀರ್ಘ ಕಾಯಿಲೆ ಇರುವವರೆಲ್ಲರಿಗೂ ಇದು ಗೊತ್ತು. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಅಳೆಯಲು ಒಂದು ಯಂತ್ರವಿದೆ. ಸುಸ್ತಿಗೆ ಅಂಥದ್ದೊಂದು ಇಲ್ಲ.

ಹಾಗಾಗಿ ನಾನು ಗಡಿಯಾರ ನೋಡಿ ಕೆಲಸ ನಿಲ್ಲಿಸುತ್ತೇನೆ. ನೋವನ್ನು ನಂಬಿದರೆ ಆಗುವುದಿಲ್ಲ. ಊಟ ಮುಗಿದ ಮೇಲೆ ಎಲೆ ಹಾಕೋಕೆ ಬಂದವರ ಹಾಗೆ, ಅದು ಬರುವುದೇ ತಡವಾಗಿ. ಕೈಯಲ್ಲಿ ಮಾಡುವ ಕೆಲಸಕ್ಕೆ ಹದಿನೈದು ನಿಮಿಷದ ಟೈಮರ್. ಅದು ಹೊಡೆದುಕೊಂಡಾಗ, ಇನ್ನೂ ಮಾಡಬಲ್ಲೆ ಅನ್ನಿಸುತ್ತಿರುವಾಗಲೇ, ಏಳಬೇಕು. ಇದು ಹೇಳಿದಷ್ಟು ಸುಲಭವಲ್ಲ. ಅರ್ಧ ಹೆಚ್ಚಿದ ಬೀನ್ಸ್ ಬಿಟ್ಟು ಏಳುವುದು ಅಂದರೆ ನಮ್ಮ ಅಮ್ಮಂದಿರು ಬೆಳೆಸಿದ ರೀತಿಗೇ ವಿರುದ್ಧ, ಅಲ್ವಾ?

ಅವರೆಕಾಯಿ ಕಾಲವನ್ನೇ ತಗೊಳ್ಳಿ. ಡಿಸೆಂಬರ್, ಜನವರಿ ಬಂದರೆ ಇಡೀ ಬೀದಿ ಸೊಗಡಿನ ಘಮ. ಕಾಳು ಬಿಡಿಸಿ, ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಟಕ್ಕನೆ ಪಾತ್ರೆಗೆ ಹಾರುತ್ತದೆ. ಮಾಡಲು ಎಷ್ಟು ಖುಷಿಯೋ ನನ್ನ ಬೆರಳಿಗೆ ಅಷ್ಟೇ ಕೆಟ್ಟದ್ದು. ಚಿಕ್ಕ ಕೀಲಿನ ಮೇಲೆ, ಒಂದೇ ಜಾಗದಲ್ಲಿ, ನೂರಾರು ಸಲ ಒತ್ತಡ. ಆದ್ದರಿಂದ ಹಿತಕಿದ ಬೇಳೆಯನ್ನು ಮಾರ್ಕೆಟ್ಟಿನಲ್ಲೇ ಕೊಳ್ಳುತ್ತೇನೆ. ರೇಟು ಜಾಸ್ತಿ, ಕೊಡುತ್ತೇನೆ. ಸಾರು ಮಾತ್ರ ನಾನೇ ಮಾಡಬೇಕು, ನನ್ನ ಮಸಾಲೆಯೇ ಆಗಬೇಕು. ಸಂಕ್ರಾಂತಿಯ ಎಳ್ಳಿಗೂ ಹಾಗೇ. ಬೆಲ್ಲದ ಚೂರು, ಸಕ್ಕರೆ ಅಚ್ಚು ಅಂಗಡಿಯದ್ದು. ಕೊಬ್ಬರಿ ನಾನೇ ಹೆಚ್ಚುತ್ತೇನೆ. ಹಬ್ಬದ ಹಿಂದಿನ ದಿನ ಗುಡ್ಡೆ ಹಾಕಿಕೊಂಡು ಕೂರುವುದಿಲ್ಲ. ಡಿಸೆಂಬರ್ ಕೊನೆಗೇ ಶುರು ಮಾಡಿ ದಿನಕ್ಕೆ ಒಂದು ಗಿಟುಕು. ಒಣಗಿದ ಕೊಬ್ಬರಿ ಕೆಡುವುದೂ ಇಲ್ಲ. ಎಳ್ಳು ಬೀರಲು ಬಂದವರು "ಇಷ್ಟು ಸಣ್ಣಗೆ ನೀವೇ ಹೆಚ್ಚಿದ್ರಾ?" ಅಂದಾಗ ಸ್ವಲ್ಪ ಜಂಬ ಬರುತ್ತದೆ, ಸುಳ್ಳು ಹೇಳಲಾರೆ.

ಅಡುಗೆಮನೆಯಲ್ಲಿ ಇನ್ನೂ ಸಣ್ಣಪುಟ್ಟ ಉಪಾಯಗಳಿವೆ. ಇವನ್ನು ಹೇಳಿಕೊಡುವವರು ಆಕ್ಯುಪೇಷನಲ್ ಥೆರಪಿಸ್ಟ್. ನಮ್ಮಲ್ಲಿ ತುಂಬಾ ಜನಕ್ಕೆ ಅಂಥವರಿದ್ದಾರೆ ಅಂತಲೇ ಗೊತ್ತಿಲ್ಲ. ಮೂಲ ಲೆಕ್ಕ ಒಂದೇ: ಚಿಕ್ಕ ಕೀಲಿನ ಕೆಲಸವನ್ನು ದೊಡ್ಡ ಕೀಲಿಗೆ ದಾಟಿಸುವುದು. ತರಕಾರಿ ಚೀಲ ಬೆರಳಲ್ಲಿ ನೇತಾಡಬಾರದು, ಹೆಗಲಿಗೆ ಹೋಗಬೇಕು. ಪಾತ್ರೆ ಎತ್ತುವ ಬದಲು ಎರಡೂ ಅಂಗೈಯಿಂದ ಕಟ್ಟೆ ಮೇಲೆ ಜಾರಿಸಬೇಕು. ತರಕಾರಿಯನ್ನು ಜಾಲರಿ ಬುಟ್ಟಿಯಲ್ಲಿಟ್ಟು ಬೇಯಿಸಿದರೆ ಬುಟ್ಟಿ ಮಾತ್ರ ಎತ್ತಿದರೆ ಸಾಕು, ನೀರಿನ ಭಾರ ಪಾತ್ರೆಯಲ್ಲೇ ಉಳಿಯುತ್ತದೆ. ಸೌಟಿನ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದೇನೆ. ನೋಡಲು ಚೆನ್ನಾಗಿಲ್ಲ, ಹಿಡಿಯಲು ಚೆನ್ನಾಗಿದೆ. ನಲ್ಲಿಗಳಿಗೆ ಉದ್ದ ಹಿಡಿ ಹಾಕಿಸಿದ್ದೇನೆ, ಮೊಣಕೈಯಲ್ಲೂ ತಿರುಗಿಸಬಹುದು. ಕಾಫಿ ಡಿಕಾಕ್ಷನ್ ರಾತ್ರಿಯೇ ಇಳಿಸಿಡುತ್ತೇನೆ. ಬೆಳಿಗ್ಗೆ ಮೊದಲ ಒಂದು ಗಂಟೆ ಬೆರಳು ಮರದ ತುಂಡು, ಫಿಲ್ಟರ್ ಬಿಚ್ಚುವ ಮಾತೇ ಇಲ್ಲ. ಬೋಗುಣಿಯಲ್ಲಿ ಬಿಸಿನೀರಿಟ್ಟು ಕೈ ಮುಳುಗಿಸಿ, ಮೆಲ್ಲಗೆ ಮುಷ್ಟಿ ಕಟ್ಟಿ ಬಿಚ್ಚಿ, ಆಮೇಲೇ ಹಾಲಿನ ಪ್ಯಾಕೆಟ್ಟಿಗೆ ಕತ್ತರಿ.

ಮುದ್ದೆ ತಿರುವುವುದನ್ನು ಬಿಟ್ಟೆ. ಕೋಲು ಹಿಡಿದು ಗಂಟಾಗದ ಹಾಗೆ ತಿರುವಲು ಮಣಿಕಟ್ಟು ಬೇಕು, ನನ್ನದು ಒಪ್ಪುವುದಿಲ್ಲ. ಕೆಲಸಕ್ಕೆ ಬರುವಾಕೆ ತಿರುವಿ ಕೊಡುತ್ತಾಳೆ. 14.2 ಕೆಜಿ ಗ್ಯಾಸು, ಜೊತೆಗೆ ಸಿಲಿಂಡರಿನದೇ ಅಷ್ಟು ಭಾರ. ಅದನ್ನು ಬದಲಾಯಿಸುವವನು ಪಕ್ಕದ ಮನೆ ಹುಡುಗ. ಇದನ್ನು ನೋಡಿ ಕೆಲವರು "ಹಾಗಾದ್ರೆ ಒಬ್ರೇ ಅಂತ ಯಾಕೆ ಹೇಳ್ತೀರಿ" ಅನ್ನುತ್ತಾರೆ. ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ಗೂ ಇದೇ ಕಾಯಿಲೆ ಇತ್ತು. ಬೆರಳು ಸೊಟ್ಟಗಾಗಿ, ಗಾಲಿಕುರ್ಚಿಯಲ್ಲಿ ಕೂತು, 1919ರಲ್ಲಿ ಸಾಯುವವರೆಗೂ ಚಿತ್ರ ಬರೆದರು. ಕುಂಚವನ್ನು ಬೇರೆಯವರು ಅವರ ಕೈಗೆ ಇಡುತ್ತಿದ್ದರು. ದೊಡ್ಡ ಕ್ಯಾನ್ವಾಸ್ ಅನ್ನು ಉರುಳೆಗಳ ಮೇಲೆ ಸುತ್ತಿ, ಬರೆಯಬೇಕಾದ ಭಾಗ ಅವರ ಎದುರಿಗೆ ಬರುವ ಹಾಗೆ ಮಾಡಿದ್ದರು. ಹಾಗಂತ ಆ ಚಿತ್ರಗಳು ಕುಂಚ ಕೊಟ್ಟವರದ್ದು ಅಂತ ಯಾರೂ ಹೇಳುವುದಿಲ್ಲ. ನನ್ನ ಮನೆಯಲ್ಲಿ ಇವತ್ತು ಏನು ಅಡುಗೆ, ಯಾವ ಕೆಲಸ ನಾಳೆಗೆ, ಯಾವುದು ಬೇರೆಯವರಿಗೆ ಅಂತ ಹೇಳುವವಳು ನಾನು. ನನಗೆ ಬೇಕಾಗಿರುವುದು ಅಷ್ಟೇ.

ಓಡಾಟಕ್ಕೆ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಪರ್ಸಿನಿಂದ ಚಿಲ್ಲರೆ ಹೆಕ್ಕುವ ಕೆಲಸ ತಪ್ಪಿದೆ. ಆಧಾರ್ ಕಾರ್ಡನ್ನು ಕೊರಳಿಗೆ ನೇತುಹಾಕಿಕೊಂಡೇ ಹೊರಡುತ್ತೇನೆ. ಒಂದೇ ಸ್ಟಾಪ್ ಆದರೂ ಹತ್ತಬಹುದು. ಆದರೆ ರಶ್ಶು ಜಾಸ್ತಿಯಾಗಿದೆ, ಹನ್ನೊಂದರ ಮೇಲೆ ಹೊರಟರೆ ಸೀಟು ಸಿಗುತ್ತದೆ. ನೋಡಲು ಆರೋಗ್ಯವಾಗಿ ಕಾಣುವ ಹೆಂಗಸಿಗೆ ಯಾರೂ ಎದ್ದು ಜಾಗ ಬಿಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲೂ ಈ ಕಾಯಿಲೆಯ ಹೆಸರಿಲ್ಲ. ಕೀಲು ಹಾಳಾಗಿ ಚಲನೆಯ ದೋಷ ಶೇ. 40 ಮುಟ್ಟಿದರೆ ಮಾತ್ರ ಹೆಚ್ಚಿನ ಸವಲತ್ತಿಗೆ ಲೆಕ್ಕ. ಇವತ್ತು ಚೆನ್ನಾಗಿದ್ದು ನಾಳೆ ಏಳಲಾಗದವರನ್ನು ಅಳೆಯುವ ದಾರಿ ಅದರಲ್ಲಿಲ್ಲ.

"ಪೂರ್ತಿ ರೆಸ್ಟ್ ತಗೊಳ್ಳಿ" ಅನ್ನುವವರಿಗೆ ಒಂದು ಮಾತು. ಈ ಕಾಯಿಲೆಯಲ್ಲಿ ಪೂರ್ತಿ ಕೂತರೆ ಕೀಲು ಇನ್ನೂ ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಅದಕ್ಕೆ ದಿನಾ ಸಂಜೆ ಪಾರ್ಕಿನಲ್ಲಿ ನಡೆಯುತ್ತೇನೆ. ಹಾಗಂತ ಎಲ್ಲ ಕಾಯಿಲೆಗೂ ಇದೇ ಲೆಕ್ಕ ಅಲ್ಲ. ಎಂಇ, ಅಂದರೆ ದೀರ್ಘ ಆಯಾಸದ ಕಾಯಿಲೆ ಇರುವವರಿಗೆ ಸ್ವಲ್ಪ ಜಾಸ್ತಿ ಶ್ರಮವಾದರೂ ಕಾಯಿಲೆಯೇ ಉಲ್ಬಣಿಸುತ್ತದೆ. ದಿನೇದಿನೇ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಅವರಿಗೆ ಕೊಡಬಾರದು ಅಂತ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲಿ ಹೇಳಿತು. ನನ್ನನ್ನು ನೋಡಿ ಅವರಿಗೆ ಉಪದೇಶ ಮಾಡಬೇಡಿ.

ಪುಣೆಗೂ ಹೋಗಿ ಬರುತ್ತೇನೆ. ಮಗ ಸೊಸೆ ಇಬ್ಬರೂ ಒಳ್ಳೆಯವರು, ಅದೇ ತೊಂದರೆ. ಲೋಟ ಎತ್ತಲೂ ಬಿಡುವುದಿಲ್ಲ. ಸ್ವಲ್ಪ ದಿನಕ್ಕೇ ಬೆರಳು ಬಿಗಿಯಲು ಶುರು.

ಇಷ್ಟು ಓದಿದ ಮೇಲೂ ಏನಾದರೂ ಸಹಾಯ ಮಾಡಬೇಕು ಅನ್ನಿಸಿದರೆ ಫೋನ್ ಮಾಡಿಕೊಂಡು ಬನ್ನಿ, ಹತ್ತು ಗಂಟೆಯ ಮೇಲೆ. ಹೋಗುವಾಗ ಉಪ್ಪಿನಕಾಯಿ ಬಾಟಲಿಗಳ ಮುಚ್ಚಳ ಒಂದೊಂದು ಸುತ್ತು ಸಡಿಲ ಮಾಡಿ ಹೋಗಿ.