ಲೆಕ್ಕ ಕೆಡುವುದು ಕ್ಲೈಮ್ಯಾಕ್ಸ್‌ನಲ್ಲಿ

ಈಗಿನ ಬಾಹ್ಯಾಕಾಶ ಸಿನಿಮಾಗಳಲ್ಲಿ ವಿಜ್ಞಾನದ ತಪ್ಪು ಹುಡುಕುವುದು ಸುಲಭ. ಆದರೆ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಕಥೆ ಶುರು ಮಾಡಲು ಹೇಳಿದ ಸುಳ್ಳನ್ನು ಒಪ್ಪಿಕೊಂಡುಬಿಡಬಹುದು, ಕಥೆ ಮುಗಿಸಲು ಹೇಳಿದ್ದನ್ನು ಒಪ್ಪುವುದು ಕಷ್ಟ.

‘ದಿ ಮಾರ್ಷಿಯನ್’ (2015) ಆರಂಭದ ಬಿರುಗಾಳಿಯನ್ನೇ ನೋಡಿ. ಮಂಗಳದ ವಾತಾವರಣದ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ಅಲ್ಲಿ ಗಂಟೆಗೆ 160 ಕಿ.ಮೀ. ವೇಗದಲ್ಲಿ ಬೀಸಿದರೂ ಮೈಗೆ ತಟ್ಟುವುದು ಇಲ್ಲಿನ 20 ಕಿ.ಮೀ. ಗಾಳಿಯಷ್ಟು. ಒಣಹಾಕಿದ ಬಟ್ಟೆ ಹಾರೀತೇ ಹೊರತು ರಾಕೆಟ್ ವಾಲುವುದಿಲ್ಲ. ಇರಲಿ, ನಾಯಕ ಅಲ್ಲಿ ಒಬ್ಬನೇ ಉಳಿಯಬೇಕಿತ್ತು, ಉಳಿದ. ಆಮೇಲಿನದ್ದೇ ಸಿನಿಮಾದ ಬಲ. ಬೆಳೆಗೆ ಬೇಕಾದ ನೀರನ್ನು ಆತ ತಾನೇ ತಯಾರಿಸಿಕೊಳ್ಳುತ್ತಾನೆ. ಹೈಡ್ರಜೀನ್ ಇಂಧನವನ್ನು ಇರಿಡಿಯಂ ವೇಗವರ್ಧಕದ ಮೇಲೆ ಹಾಯಿಸಿದರೆ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಅದನ್ನು ಆಮ್ಲಜನಕದಲ್ಲಿ ಉರಿಸಿದರೆ ನೀರು. ಹಾಗೆ ಮಾಡುವಾಗ ಸ್ಫೋಟವಾಗುತ್ತದೆ, ಯಾಕೆಂದರೆ ತಾನು ಹೊರಬಿಡುವ ಉಸಿರಿನಲ್ಲೂ ಆಮ್ಲಜನಕ ಇರುತ್ತದೆಂಬುದನ್ನು ಆತ ಲೆಕ್ಕಕ್ಕೆ ತಂದಿರಲಿಲ್ಲ. ಅದು ಸುಮಾರು ಶೇ. 16ರಷ್ಟಿರುತ್ತದೆ. ಅಪಾಯ ಖಳನಿಂದ ಬರಲಿಲ್ಲ, ಲೆಕ್ಕದಿಂದಲೇ ಬಂತು. ಇಂಥ ಸಿನಿಮಾ ಕೊನೆಗೆ ಬಾಹ್ಯಾಕಾಶ ಉಡುಪಿನ ಕೈಗವಸಿಗೆ ತೂತು ಮಾಡಿ ನಾಯಕನನ್ನು ಹಾರಿಸುತ್ತದೆ! ಮೈಯ ದ್ರವ್ಯಕೇಂದ್ರದಿಂದ ಅಷ್ಟು ದೂರದಲ್ಲಿ ಗಾಳಿ ಚಿಮ್ಮಿದರೆ ಆತ ಬುಗುರಿಯಂತೆ ಸುತ್ತಬೇಕಿತ್ತು.

‘ಗ್ರಾವಿಟಿ’ (2013) ದೇಹದ ಚಲನೆಯನ್ನು ಹಿಡಿದ ರೀತಿಗೆ ಸಾಟಿ ಕಡಿಮೆ. ಅಗ್ನಿಶಾಮಕದ ಸಿಲಿಂಡರನ್ನೇ ಎಂಜಿನ್ ಮಾಡಿಕೊಳ್ಳುವುದು ತತ್ತ್ವದಲ್ಲಿ ಸರಿಯೇ. ಎಡವುವುದು ಕಕ್ಷೆಯಲ್ಲಿ. ಗಗನಯಾತ್ರಿಗಳು ಹಬಲ್ ದೂರದರ್ಶಕದ ಬಳಿಯಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೆಟ್ ಚೀಲದಲ್ಲೇ ಹಾರುತ್ತಾರೆ. ಹಬಲ್ ಇರುವುದು ಸಮಭಾಜಕಕ್ಕೆ 28.5 ಡಿಗ್ರಿ ವಾಲಿದ ಕಕ್ಷೆಯಲ್ಲಿ, ಅಂತರರಾಷ್ಟ್ರೀಯ ನಿಲ್ದಾಣ 51.6 ಡಿಗ್ರಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗಬದಲಾವಣೆ ಬೇಕು. ಬೆನ್ನಿಗೆ ಕಟ್ಟಿಕೊಂಡ ಜೆಟ್ ಚೀಲಕ್ಕೆ ಅದರ ನೂರನೇ ಒಂದು ಪಾಲೂ ದಕ್ಕದು. ಇದಕ್ಕಿಂತ ಕಣ್ಣಿಗೆ ಚುಚ್ಚುವುದು ಹಗ್ಗ ಬಿಡುವ ದೃಶ್ಯ. ಜೊತೆಗಾರ್ತಿಯನ್ನು ಉಳಿಸಲು ಗಗನಯಾತ್ರಿಯೊಬ್ಬ ತಮ್ಮಿಬ್ಬರನ್ನು ಜೋಡಿಸಿದ್ದ ಹಗ್ಗ ಬಿಡುತ್ತಾನೆ. ಆದರೆ ಇಬ್ಬರೂ ನಿಂತಾಗಿದೆ, ಹಗ್ಗ ಬಿಗಿಯಾಗಿದೆ. ಆತನನ್ನು ದೂರಕ್ಕೆ ಎಳೆಯುತ್ತಿರುವ ಬಲ ಯಾವುದು? ಮೆಲ್ಲಗೆ ಜಗ್ಗಿದ್ದರೆ ತೇಲಿಕೊಂಡು ವಾಪಸ್ ಬರುತ್ತಿದ್ದ.

‘ಇಂಟರ್‌ಸ್ಟೆಲ್ಲರ್’ (2014) ಇವೆರಡಕ್ಕಿಂತ ದೊಡ್ಡ ಬೇಟೆಗೆ ಹೊರಟದ್ದು. ಭೌತವಿಜ್ಞಾನಿ ಕಿಪ್ ಥಾರ್ನ್ ಸಮೀಕರಣ ಕೊಟ್ಟರು, ಗ್ರಾಫಿಕ್ಸ್ ತಂಡ ಅದರಿಂದಲೇ ಕಪ್ಪುಕುಳಿಯ ಬೆಳಕನ್ನು ಬಾಗಿಸಿತು, 2015ರಲ್ಲಿ ಅದರ ಮೇಲೆ ಸಂಶೋಧನಾ ಪ್ರಬಂಧವೂ ಬಂತು. ಆದರೂ ಒಂದು ರಾಜಿ ಇದೆ. ಕಪ್ಪುಕುಳಿಯ ಸುತ್ತ ತಿರುಗುವ ಅನಿಲದ ತಟ್ಟೆಯಲ್ಲಿ ನಮ್ಮತ್ತ ಬರುವ ಬದಿ ಹೆಚ್ಚು ಹೊಳೆಯಬೇಕು. ಪ್ರೇಕ್ಷಕರಿಗೆ ಗೊಂದಲವಾದೀತೆಂದು ಅದನ್ನು ಕೈಬಿಟ್ಟರು. 2019ರಲ್ಲಿ ಬಿಡುಗಡೆಯಾದ, ಎಂ87 ಎಂಬ ಗೆಲಾಕ್ಸಿಯ ನಿಜವಾದ ಕಪ್ಪುಕುಳಿಯ ಚಿತ್ರದಲ್ಲಿ ಉಂಗುರದ ಒಂದು ಬದಿಯೇ ದಟ್ಟವಾಗಿ ಬೆಳಗುತ್ತಿತ್ತು.

ಕಪ್ಪುಕುಳಿಯ ಗುರುತ್ವದಿಂದ ಕಾಲ ನಿಧಾನವಾಗುವ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಈ ನಿಯಮವನ್ನು ಮೊದಲೇ ಹೇಳಿ, ನಂತರ ಒಂದಿಷ್ಟೂ ಸಡಿಲಿಸದೆ ವಸೂಲು ಮಾಡುತ್ತದೆ ಸಿನಿಮಾ. ನೌಕೆಗೆ ಮರಳುವಷ್ಟರಲ್ಲಿ 23 ವರ್ಷ ಸರಿದಿರುತ್ತದೆ, ಭೂಮಿಯಲ್ಲಿ ಬಿಟ್ಟುಬಂದ ನಾಯಕನ ಮಕ್ಕಳ ವಿಡಿಯೊಗಳು ಒಂದರ ಹಿಂದೊಂದು ಬರುತ್ತವೆ. ಅಲ್ಲಿ ಅಳು ಬರಿಸುವುದು ಸಾಪೇಕ್ಷತಾ ಸಿದ್ಧಾಂತವೇ. ಕ್ಲೈಮ್ಯಾಕ್ಸಿಗೆ ಬರುವಾಗ ಈ ಕಟ್ಟುನಿಟ್ಟು ಮಾಯ. ಕಪ್ಪುಕುಳಿಗೆ ಬಿದ್ದ ನಾಯಕ ಮಗಳ ಪುಸ್ತಕದ ಕಪಾಟಿನ ಹಿಂದಿನ ಒಂದು ವಿಚಿತ್ರ ಜಾಗ ಸೇರುತ್ತಾನೆ. ಅಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದಕ್ಕೆ ನಿಯಮವೇ ಇಲ್ಲ. ಹಾಗಾಗಿ ಆತಂಕವೂ ಇಲ್ಲ. ಭೂಮಿಯಿಂದ ಏಳಲು ಹಂತಹಂತದ ರಾಕೆಟ್ ಬೇಕಾದ ನೌಕೆ, ಗುರುತ್ವ ಶೇ. 130ರಷ್ಟಿರುವ ನೀರಿನ ಗ್ರಹದಿಂದ ತಾನಾಗಿಯೇ ಏಳುವುದೂ ವಿಚಿತ್ರ.

‘ಇಂಟರ್‌ಸ್ಟೆಲ್ಲರ್’ ಸಂಗೀತದ ಅಬ್ಬರದಲ್ಲಿ ಕೆಲವು ಮುಖ್ಯ ಮಾತುಗಳೇ ಮುಳುಗಿಹೋಗುತ್ತವೆ. ಮನೆಯಲ್ಲಿ ನೋಡುವುದಾದರೆ ಸಬ್‌ಟೈಟಲ್ ಹಾಕಿಕೊಳ್ಳಿ.