ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಹೋದ ಭಾನುವಾರ ಊಟಕ್ಕೆ ಕೂತಾಗ ಶುರುವಾದ ವಾದ ರಾತ್ರಿ ಹತ್ತಾದರೂ ಮುಗಿಯಲಿಲ್ಲ. ಒಂದು ಕಡೆ ಭಾವ, ಇನ್ನೊಂದು ಕಡೆ ನಾನು. ಇಬ್ಬರನ್ನೂ ಕೆಣಕುತ್ತಾ ನಗುವುದಕ್ಕೆ ತಮ್ಮ.

ಶುರುವಾಗಿದ್ದು ಅಮ್ಮನ ವಿಡಿಯೊದಿಂದ. ಗುರುವಾರ ಸಂಜೆ ಅಮ್ಮ ದೇವರ ಮುಂದೆ ಕೂತು ಪುರಂದರದಾಸರ ಒಂದು ಪದ ಹಾಡಿದ್ದಳು. ಶ್ರುತಿ ಪೆಟ್ಟಿಗೆ ಬಿಟ್ಟರೆ ಬೇರೆ ವಾದ್ಯವೇ ಇಲ್ಲ. ತಮ್ಮ ಅದನ್ನು ಫೋನಿನಲ್ಲಿ ಹಿಡಿದು, ಊರಿನಲ್ಲಿರುವ ಚಿಕ್ಕಮ್ಮಂದಿರು ನೋಡಲಿ ಅಂತ ನೆಟ್‌ಗೆ ಹಾಕಿದ. ಎರಡೇ ದಿನಕ್ಕೆ ನೋಟಿಸ್ ಬಂತು. ಈ ಹಾಡಿನ ಹಕ್ಕು ಬೇರೆಯವರದಂತೆ, ಅದಕ್ಕೇ ಧ್ವನಿ ತೆಗೆದಿದ್ದಾರಂತೆ. ವಿಡಿಯೊದಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಾಳೆ, ಸದ್ದೇ ಇಲ್ಲ. "ನಾನು ಯಾರದ್ದು ಕದ್ದೆ? ಈ ಧಾಟಿ ನಮ್ಮಜ್ಜಿ ಹೇಳಿಕೊಟ್ಟಿದ್ದು" ಅಂದಳು. ಅವಳ ಮುಖ ನೋಡುವುದಕ್ಕೆ ಆಗಲಿಲ್ಲ.

ಭಾವ ಹಗಲೆಲ್ಲ ಆಫೀಸು, ಸಂಜೆ ಮತ್ತು ರಜೆಯಲ್ಲಿ ಸುಗಮ ಸಂಗೀತದ ಕಾರ್ಯಕ್ರಮಗಳಿಗೆ ತಬಲಾ ನುಡಿಸುತ್ತಾರೆ. ಕಲಾವಿದರಿಗೆ ಕೊನೆಗೆ ಕೈಗೆ ಬರುವುದು ಎಷ್ಟು ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಅವರು ಹೇಳಿದ್ದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. "ನೋಡು, ದಾಸರು ತೀರಿಕೊಂಡು 450 ವರ್ಷದ ಮೇಲಾಯಿತು, ಸಾಹಿತ್ಯ ಎಲ್ಲರದೂ. ಆದರೆ ಎಷ್ಟೋ ಪದಗಳಿಗೆ ಈಗ ನಾವು ಕೇಳುವ ಧಾಟಿ ಹಾಕಿದ್ದು ಈಚಿನವರು. ಅವರ ಕೆಲಸಕ್ಕೆ ಹಕ್ಕಿಲ್ಲವಾ? ರೆಕಾರ್ಡಿಂಗ್‌ಗೂ ಅಷ್ಟೇ. ಮಷೀನು ಹೋಲಿಸಿ ನೋಡುತ್ತೆ, ಒಂದೊಂದು ಸಲ ತಪ್ಪುತ್ತೆ. ಅದಕ್ಕೆ ಪರೀಕ್ಷೆ ಮಾಡುವುದೇ ಬೇಡ ಅನ್ನೋಕಾಗುತ್ತಾ?" ಅಂದರು.

ಇಷ್ಟಕ್ಕೆ ನಾನು ಒಪ್ಪುತ್ತೇನೆ. ನಮ್ಮ ಕಾಯಿದೆಯಲ್ಲಿ ಬರೆದವರ, ರಾಗ ಹಾಕಿದವರ ಹಕ್ಕು ಅವರು ಹೋದ ಮೇಲೂ 60 ವರ್ಷ ಇರುತ್ತದೆ. ರೆಕಾರ್ಡಿಂಗ್‌ಗೆ ಅದು ಹೊರಬಂದಾಗಿನಿಂದ 60 ವರ್ಷ. 2012ರ ತಿದ್ದುಪಡಿಯಲ್ಲಿ ಸಿನಿಮಾ ಹಾಡು ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಧನದ ಪಾಲು ಸಿಗಲೇಬೇಕು ಅಂತ ಬಂತು. ಬಂದಿದ್ದು ಒಳ್ಳೆಯದೇ ಆಯಿತು. ನಾವು ಚಿಕ್ಕವರಿದ್ದಾಗ ಬಸ್‌ಸ್ಟ್ಯಾಂಡ್ ಪಕ್ಕದ ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ಟು ಮತ್ತು ಹಾಡಿನ ಪಟ್ಟಿ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಅದರಲ್ಲಿ ಒಂದು ಪೈಸೆಯೂ ಹಾಡಿದವರಿಗೆ ಹೋಗುತ್ತಿರಲಿಲ್ಲ. ಅದು ಸರಿ ಅಂತ ನಾನು ಯಾವತ್ತೂ ವಾದಿಸುವುದಿಲ್ಲ.

ಆದರೆ ಭಾವ ಅಲ್ಲಿಗೆ ನಿಲ್ಲಿಸಲಿಲ್ಲ. "ಕದ್ದಿಲ್ಲ ಅಂದ್ಮೇಲೆ ಪರೀಕ್ಷೆ ಮಾಡಿದರೆ ಭಯ ಯಾಕೆ? ನಮ್ಮ ಫೋನಲ್ಲಿ ಮುಚ್ಚಿಡುವಂಥದ್ದು ಏನಿದೆ?" ಅಂದುಬಿಟ್ಟರು. ಈ ಮಾತು ಕೇಳಿದರೆ ನನಗೆ ಸುಮ್ನೆ ಇರೋಕಾಗಲ್ಲ. ಅನ್ನ ಕಲಸಿದ್ದು ಹಾಗೇ ಬಿಟ್ಟು 2005ರ ಕಥೆ ಹೇಳುವುದಕ್ಕೆ ಶುರು ಮಾಡಿದೆ. ಇಪ್ಪತ್ತು ವರ್ಷ ಹಳೆಯದು, ನಡೆದಿದ್ದು ಅಮೆರಿಕದಲ್ಲಿ. ಹಾಡು, ಹಕ್ಕು, ಖಾಸಗಿತನ ಮೂರೂ ಒಂದೇ ಕಡೆ ಸಿಕ್ಕಿಹಾಕಿಕೊಂಡ ಇಂಥ ಇನ್ನೊಂದು ಸುದ್ದಿ ನನಗೆ ಗೊತ್ತಿಲ್ಲ.

ಮಾರ್ಕ್ ರುಸಿನೋವಿಚ್ ವಿಂಡೋಸ್‌ನ ಒಳಗನ್ನೆಲ್ಲ ಅರೆದು ಕುಡಿದವರು. ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದ ಹಾಗೆ ಅಡಗಿ ಕೂತ ತಂತ್ರಾಂಶವನ್ನು ಹಿಡಿಯುವ ಒಂದು ಸಾಧನ ಮಾಡಿದ್ದರು, ಅದನ್ನು ತಮ್ಮದೇ ಕಂಪ್ಯೂಟರಿನ ಮೇಲೆ ಓಡಿಸಿ ನೋಡಿದರೆ ಏನೋ ಸಿಕ್ಕಿತು. ಯಾವುದೋ ಕಳ್ಳ ವೆಬ್‌ಸೈಟಿನಿಂದ ಬಂದದ್ದಲ್ಲ. ವ್ಯಾನ್ ಜಾಂಟ್ ಅನ್ನುವ ಅಣ್ಣತಮ್ಮಂದಿರ ಜೋಡಿಯ ಹಾಡಿನ ಸಿಡಿಯಿಂದ ಬಂದಿತ್ತು. ದುಡ್ಡು ಕೊಟ್ಟು ಕೊಂಡ ಸಿಡಿ, ಸೋನಿ ಬಿಎಂಜಿ ಕಂಪನಿಯದು. ಅದನ್ನು ಕೇಳುವುದಕ್ಕೆ ಕಂಪ್ಯೂಟರಿಗೆ ಹಾಕಿದ್ದರು, ಅಷ್ಟೇ. ಅಕ್ಟೋಬರ್ 31ರಂದು ಎಲ್ಲವನ್ನೂ ಬರೆದು ಜಗತ್ತಿಗೆ ಹೇಳಿದರು.

ಆ ಸಿಡಿಯಲ್ಲಿ ಎಕ್ಸ್‌ಸಿಪಿ ಅನ್ನುವ ಬೀಗ ಇತ್ತು. ಬ್ರಿಟನ್ನಿನ ಫಸ್ಟ್ 4 ಇಂಟರ್ನೆಟ್ ಕಂಪನಿ ಮಾಡಿದ್ದು. ಮೂರಕ್ಕಿಂತ ಜಾಸ್ತಿ ಪ್ರತಿ ಮಾಡಿಕೊಳ್ಳಬಾರದು ಅನ್ನುವುದು ಅದರ ಕೆಲಸ. ಅಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ತಾನು ಇರುವುದೇ ಗೊತ್ತಾಗದ ಹಾಗೆ ವಿಂಡೋಸ್‌ನ ಬುಡಕ್ಕೇ ಹೋಗಿ ಕೂರುತ್ತಿತ್ತು. ಇದನ್ನೇ ರೂಟ್‌ಕಿಟ್ ಅನ್ನುತ್ತಾರೆ, ಕಂಪ್ಯೂಟರಿಗೆ ಕನ್ನ ಹಾಕುವವರ ಉಪಾಯ. ಡಾಲರ್ ಗುರುತು, ಸಿಸ್, ಮತ್ತೆ ಡಾಲರ್ ಗುರುತು. ಹೀಗೆ ಹೆಸರು ಶುರುವಾಗುವ ಯಾವ ಫೈಲನ್ನೇ ಆಗಲಿ ಅದು ಮರೆಮಾಡುತ್ತಿತ್ತು. ತನ್ನದನ್ನು ಮಾತ್ರ ಅಲ್ಲ, ಯಾರದ್ದಾದರೂ! ಸರಿ, ಕೆಲವೇ ದಿನದಲ್ಲಿ ವೈರಸ್ ಬರೆಯುವವರು ತಮ್ಮ ಫೈಲುಗಳಿಗೆ ಅದೇ ಹೆಸರಿಟ್ಟು ಒಳಗೆ ಬಚ್ಚಿಟ್ಟುಕೊಂಡರು. ಆನ್‌ಲೈನ್ ಆಟದಲ್ಲಿ ಮೋಸ ಮಾಡುವವರೂ ಅದರ ನೆರಳಿಗೇ ಬಂದರು. ಬಾಗಿಲು ತೆರೆದಿಟ್ಟಿದ್ದು ಹಾಡಿನ ಕಂಪನಿ, ಮನೆ ನಮ್ಮದು.

ಇದನ್ನು ಕೈಯಿಂದ ತೆಗೆಯಲು ಹೋದರೆ ಸಿಡಿ ಡ್ರೈವೇ ಕಾಣೆಯಾಗುತ್ತಿತ್ತು. ರುಸಿನೋವಿಚ್‌ಗೂ ಹಾಗೇ ಆಯಿತು, ಅವರಿಗೆ ಗೊತ್ತಿದ್ದರಿಂದ ಸರಿಮಾಡಿಕೊಂಡರು. ಹಾಡು ಕೇಳೋಣ ಅಂತ ಸಿಡಿ ತಂದ ಒಬ್ಬ ಮೇಷ್ಟ್ರು ಏನು ಮಾಡಬೇಕು, ಹೇಳಿ? ಅದು ಸಾಲದು ಅಂತ, ಸಿಡಿ ಹಾಕಿದಾಗೆಲ್ಲ ಅದರ ಪ್ಲೇಯರ್ ಕಂಪನಿಯ ಸರ್ವರ್‌ಗೆ ಯಾವ ಆಲ್ಬಂ ಅನ್ನುವ ಗುರುತು ಕಳಿಸುತ್ತಿತ್ತು. ಸಿಡಿ ಹಾಕಿದಾಗ ಒಪ್ಪಿಗೆ ಕೇಳುವ ಒಪ್ಪಂದದ ಪುಟದಲ್ಲಿ ಈ ಯಾವುದನ್ನೂ ಬಿಡಿಸಿ ಹೇಳಿರಲಿಲ್ಲ. ಡ್ಯಾನ್ ಕಾಮಿನ್ಸ್ಕಿ ಅನ್ನುವ ಸಂಶೋಧಕರು ಇದರ ಹೆಜ್ಜೆ ಗುರುತು ಹುಡುಕಿಕೊಂಡು ಹೊರಟರು. ಈ ತಂತ್ರಾಂಶಕ್ಕೆ ಸಂಬಂಧಪಟ್ಟ ವಿಳಾಸಗಳನ್ನು ಕೇಳಿದ ಕುರುಹು ಅವರಿಗೆ ನೆಟ್ ವಿಳಾಸ ಹುಡುಕಿಕೊಡುವ 5 ಲಕ್ಷ 68 ಸಾವಿರ ನೇಮ್‌ಸರ್ವರ್‌ಗಳಲ್ಲಿ ಸಿಕ್ಕಿತು.

ಇಷ್ಟು ಹೇಳುವಷ್ಟರಲ್ಲಿ ತಮ್ಮ ನಗುವುದಕ್ಕೆ ಶುರು ಮಾಡಿದ. "ಅಂದ್ರೆ ದುಡ್ಡು ಕೊಟ್ಟವನಿಗೆ ವೈರಸ್ಸು, ಕದ್ದು ಡೌನ್‌ಲೋಡ್ ಮಾಡಿದವನಿಗೆ ಹಾಡು!" ಅಂದ. ಆಗಲೂ ನೆಟ್‌ನಲ್ಲಿ ಎಲ್ಲರೂ ಹೀಗೇ ತಮಾಷೆ ಮಾಡುತ್ತಿದ್ದರು. ನಗು ಬರುತ್ತದೆ ನಿಜ, ಆದರೆ ನನ್ನ ಸಿಟ್ಟು ಇರುವುದೂ ಸರಿಯಾಗಿ ಅಲ್ಲೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕದಿಯುವವನು ಆ ಸಿಡಿಯನ್ನು ಮುಟ್ಟುವುದೇ ಇಲ್ಲ, ಅವನ ಕಂಪ್ಯೂಟರಿಗೆ ಏನೂ ಆಗಲಿಲ್ಲ. ಹಾಡುಗಾರರ ಮೇಲೆ ಪ್ರೀತಿ ಇಟ್ಟು, ಅಂಗಡಿಗೆ ಹೋಗಿ, ದುಡ್ಡು ಕೊಟ್ಟು ತಂದವರಿಗೆ ಮಾತ್ರ ಬರೆ. ಎಕ್ಸ್‌ಸಿಪಿ ಇದ್ದ ಸುಮಾರು 47 ಲಕ್ಷ ಸಿಡಿ ಅಂಗಡಿಗಳಿಗೆ ಹೋಗಿದ್ದವು, 21 ಲಕ್ಷ ಮಾರಾಟವಾಗಿದ್ದವು.

ಕಂಪನಿಯ ಉತ್ತರ ಇನ್ನೂ ಬೇಜಾರಿನದು. ಅದರ ಡಿಜಿಟಲ್ ವ್ಯವಹಾರದ ಮುಖ್ಯಸ್ಥ ಥಾಮಸ್ ಹೆಸ್ಸೆ ರೇಡಿಯೊದಲ್ಲಿ ಹೇಳಿದ್ದು ಇಷ್ಟು: ಜಾಸ್ತಿ ಜನಕ್ಕೆ ರೂಟ್‌ಕಿಟ್ ಅಂದರೆ ಏನು ಅಂತಲೇ ಗೊತ್ತಿಲ್ಲ, ಹಾಗಿರುವಾಗ ಅದರ ಬಗ್ಗೆ ಯಾಕೆ ತಲೆಕೆಡಿಸಿಕೊಳ್ಳಬೇಕು? ನಾನು ಇದನ್ನು ಭಾವನಿಗೆ ಎರಡು ಸಲ ಹೇಳಿದೆ. "ಭಾವ, ನೀವು ಹೇಳಿದ ಮಾತೂ ಇದಕ್ಕೆ ತುಂಬ ಹತ್ತಿರ ಇದೆ ಅಲ್ವಾ? ಮುಚ್ಚಿಡುವುದು ಏನಿದೆ ಅಂದಿರಿ. ಅಲ್ಲಿ ಮುಚ್ಚಿಟ್ಟವರು ಯಾರು?" ಭಾವ ಏನೂ ಹೇಳದೆ ಸಾರು ಬಡಿಸಿಕೊಂಡರು.

ತೆಗೆಯುವುದಕ್ಕೆ ಒಂದು ತಂತ್ರಾಂಶ ಕೊಟ್ಟರಲ್ಲ, ಅದರ ಕಥೆಯನ್ನೂ ಕೇಳಬೇಕು. ಅದು ಬೇಕಾದರೆ ಫಾರಂ ತುಂಬಬೇಕು, ಇಮೇಲ್ ವಿಳಾಸ ಕೊಡಬೇಕು. ನಮ್ಮ ಮನೆಗೆ ಹೇಳದೆ ಕೇಳದೆ ನುಗ್ಗಿದವರನ್ನು ಹೊರಗೆ ಕಳಿಸಲು ಅವರಿಗೇ ಅರ್ಜಿ! ಹಾಗೆ ಸಿಕ್ಕ ತಂತ್ರಾಂಶವೂ ಕಂಪ್ಯೂಟರಿನಲ್ಲಿ ಇನ್ನೊಂದು ದೊಡ್ಡ ತೂತು ಬಿಟ್ಟು ಹೋಗುತ್ತಿತ್ತು. ಯಾವ ವೆಬ್‌ಸೈಟ್ ಬೇಕಾದರೂ ಅದರ ಮೂಲಕ ಒಳಗೆ ಬಂದು ತನಗೆ ಬೇಕಾದ್ದು ಓಡಿಸಬಹುದಿತ್ತು. ಇದನ್ನು ತೋರಿಸಿಕೊಟ್ಟವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ ಫೆಲ್ಟನ್ ಮತ್ತು ಅವರ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್.

ಹಾಲ್ಡರ್‌ಮನ್ ಹೆಸರು ಬಂದ ಮೇಲೆ ಶಿಫ್ಟ್ ಕೀ ಕಥೆ ಹೇಳದೆ ಇರುವುದು ಹೇಗೆ. 2003ರಲ್ಲಿ ಸನ್‌ಕಾಮ್ ಅನ್ನುವ ಇನ್ನೊಂದು ಕಂಪನಿಯ ಸಿಡಿ ಬೀಗವನ್ನು ಅವರು ಪರೀಕ್ಷೆ ಮಾಡಿದರು. ಸಿಡಿ ಹಾಕುವಾಗ ಕೀಬೋರ್ಡಿನ ಶಿಫ್ಟ್ ಒತ್ತಿ ಹಿಡಿದರೆ ಸಾಕು, ಬೀಗ ಏಳುವುದೇ ಇಲ್ಲ ಅಂತ ಬರೆದರು. ಕಂಪನಿ ಕೇಸು ಹಾಕುತ್ತೇವೆ ಅಂತ ಹೆದರಿಸಿತು, ಎಲ್ಲ ಕಡೆ ನಗೆಪಾಟಲಾದ ಮೇಲೆ ಹಿಂದೆ ಸರಿಯಿತು. "ಬೀಗ ಹಾಕಿ ಬೀಗದ ಕೈಯನ್ನು ಬಾಗಿಲಿಗೇ ನೇತು ಹಾಕಿದ್ದಾರೆ" ಅಂದ ತಮ್ಮ. ಭಾವನೂ ಇದಕ್ಕೆ ನಕ್ಕರು. (ಇದೇ ಹಾಲ್ಡರ್‌ಮನ್ 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್ ಅವರ ಜೊತೆ ಸೇರಿ ನಮ್ಮ ಮತಯಂತ್ರವನ್ನು ಪರೀಕ್ಷೆ ಮಾಡಿದವರು. ಅದು ಬೇರೆಯೇ ಜಗಳ, ಇನ್ನೊಂದು ದಿನ ಬರೆಯುತ್ತೇನೆ.)

ಆ ಬೆದರಿಕೆಗೆ ಆಧಾರ ಇತ್ತು, ಅದು ಗೊತ್ತಿರಬೇಕು. ಅಮೆರಿಕದಲ್ಲಿ 1998ರ ಒಂದು ಕಾಯಿದೆ ಪ್ರಕಾರ ಇಂಥ ಬೀಗ ಮುರಿಯುವುದೇ ಅಪರಾಧ ಆಗಬಹುದು. ಹಾಗಾಗಿ ಎಕ್ಸ್‌ಸಿಪಿಯ ತೊಂದರೆ ಫೆಲ್ಟನ್ ಮತ್ತು ಹಾಲ್ಡರ್‌ಮನ್ ಇಬ್ಬರಿಗೂ ಮೊದಲೇ ಗೊತ್ತಾಗಿದ್ದರೂ, ಹೇಳಿದರೆ ಏನಾಗುತ್ತದೋ ಅಂತ ವಕೀಲರ ಜೊತೆ ಮಾತಾಡುವುದರಲ್ಲೇ ವಾರಗಳು ಹೋದವು. ಮನೆಗೆ ಹಾವು ಬಂದಿದೆ ಅಂತ ಪಕ್ಕದ ಮನೆಯವರಿಗೆ ಹೇಳಲು ವಕೀಲರನ್ನು ಕೇಳಬೇಕಾ?

ಇನ್ನೊಂದು ವಿಷಯ ಇದೆ, ಇದನ್ನು ಹೇಳಿದಾಗ ಭಾವನೇ ಚಮಚ ಕೆಳಗಿಟ್ಟರು. ಎಕ್ಸ್‌ಸಿಪಿಯನ್ನು ಬಿಚ್ಚಿ ನೋಡಿದವರಿಗೆ ಅದರೊಳಗೆ ಬೇರೆಯವರ ಕೋಡ್ ಸಿಕ್ಕಿತು. ಎಂಪಿ3 ಮಾಡಲು ಬಳಸುವ ಲೇಮ್ ಅನ್ನುವ ಮುಕ್ತ ತಂತ್ರಾಂಶದ ತುಣುಕುಗಳು. ಅದನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಷರತ್ತು ಇವೆ, ಆ ಷರತ್ತನ್ನು ಇವರು ಪಾಲಿಸಿರಲಿಲ್ಲ. ಕಾಪಿರೈಟ್ ಕಾಯುವುದಕ್ಕೆ ಮಾಡಿದ ಬೀಗದ ಒಳಗೇ ಕಾಪಿರೈಟ್ ಮುರಿದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದುಡ್ಡಿಲ್ಲದೆ ಕೋಡ್ ಬರೆದುಕೊಟ್ಟವರೂ ಹಾಡುಗಾರರ ಹಾಗೆಯೇ ಕೈಯಾರೆ ಏನೋ ಮಾಡಿದವರು ತಾನೇ?

ಆಮೇಲೆ ಏನಾಯಿತು ಅಂದರೆ, ನವೆಂಬರಿನಲ್ಲೇ ಕಂಪನಿ ಸಿಡಿಗಳನ್ನು ವಾಪಸ್ ಕರೆಸಿಕೊಂಡಿತು. ಟೆಕ್ಸಸ್ ರಾಜ್ಯ ಕೇಸು ಹಾಕಿತು, ನೆಟ್ ಬಳಸುವವರ ಹಕ್ಕಿಗೆ ಹೋರಾಡುವ ಇಎಫ್ಎಫ್ ಸಂಸ್ಥೆಯೂ ಹಾಕಿತು. ಕೊನೆಗೆ ರಾಜಿಯಾಗಿ ಕೊಂಡವರಿಗೆ ಸಿಕ್ಕಿದ್ದು ಹೊಸ ಸಿಡಿ, ಜೊತೆಗೆ ಏಳೂವರೆ ಡಾಲರ್ ಮತ್ತು ಒಂದು ಆಲ್ಬಂ ಡೌನ್‌ಲೋಡ್, ದುಡ್ಡು ಬೇಡ ಅಂದರೆ ಮೂರು ಆಲ್ಬಂ ಡೌನ್‌ಲೋಡ್. 2007ರಲ್ಲಿ ಅಲ್ಲಿನ ವ್ಯಾಪಾರ ಆಯೋಗ, ಕಂಪ್ಯೂಟರ್ ಕೆಟ್ಟವರಿಗೆ 150 ಡಾಲರ್‌ವರೆಗೆ ಕೊಡಿ ಅಂತ ಒಪ್ಪಿಸಿತು. 2008ರ ಜನವರಿಯಲ್ಲಿ ಸೋನಿ ಬಿಎಂಜಿಯೂ ಬೀಗ ಇಲ್ಲದ ಎಂಪಿ3 ಮಾರಲು ಒಪ್ಪಿತು. ಹಾಡಿನ ನಾಲ್ಕು ದೊಡ್ಡ ಕಂಪನಿಗಳಲ್ಲಿ ಕೊನೆಗೆ ಬಂದಿದ್ದು ಅದೇ.

ಆಗಿನ ಅಮೆರಿಕದ ಒಳಾಡಳಿತ ಭದ್ರತೆಯ ಅಧಿಕಾರಿ ಸ್ಟುವರ್ಟ್ ಬೇಕರ್ ಹೇಳಿದ ಮಾತು ನನಗೆ ತುಂಬ ಇಷ್ಟ: ಹಾಡು ನಿಮ್ಮ ಆಸ್ತಿ ಇರಬಹುದು, ಕಂಪ್ಯೂಟರ್ ನಿಮ್ಮದಲ್ಲ. ನಾನು ಗಂಟೆಗಟ್ಟಲೆ ಹೇಳಿದ್ದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದಾರೆ.

"ಸರಿ, ಅದು ಅಮೆರಿಕ. ನಮ್ಮಲ್ಲಿ?" ಅಂದರು ಭಾವ. ನಮ್ಮಲ್ಲೂ ಇದೆ. 2012ರ ಅದೇ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯಿದೆಗೆ 65ಎ ಸೆಕ್ಷನ್ ಸೇರಿತು. ಹಕ್ಕು ಮುರಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಅದರ ಕೆಳಗೇ ವಿನಾಯಿತಿಗಳಿವೆ, ಅದರಲ್ಲಿ ಒಂದನ್ನು ನಾನು ಫೋನಿನಲ್ಲಿ ತೆಗೆದು ಓದಿ ಹೇಳಿದೆ. ಬಳಸುವವರ ಗುರುತು ಹಿಡಿಯಲು ಅಥವಾ ಅವರ ಮೇಲೆ ಕಣ್ಣಿಡಲು ಮಾಡಿದ ಬೀಗವನ್ನು ದಾಟಲು ಬೇಕಾದ್ದನ್ನು ಮಾಡಿದರೆ ಅದು ಅಪರಾಧ ಅಲ್ಲ. ಇದನ್ನು ಬರೆದವರಿಗೆ ನನ್ನ ನಮಸ್ಕಾರ. ಇನ್ನು ಖಾಸಗಿತನ ಅನ್ನುವುದು ನಮ್ಮ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿಗೆ ಹೋದರು. 2024ರಲ್ಲಿ ತೀರಿಕೊಂಡರು. ಅವರಿಗೇನು ಮುಚ್ಚಿಡುವುದಿತ್ತು ಅಂತ ಕೇಳುತ್ತೀರಾ ಭಾವ, ಅಂದೆ. ಅವರು ತಲೆ ಅಲ್ಲಾಡಿಸಿದರು. "ಆ ಮಾತು ವಾಪಸ್ ತಗೊಂಡೆ. ಆದರೆ ಕಲಾವಿದರ ದುಡ್ಡಿನ ಮಾತು ವಾಪಸ್ ತಗೊಳ್ಳಲ್ಲ" ಅಂದರು. ತಗೋಬೇಡಿ ಅಂತ ನಾನೂ ಹೇಳಿದೆ.

ರಾತ್ರಿ ಎಲ್ಲ ಮುಗಿದ ಮೇಲೆ ಅಮ್ಮನ ವಿಡಿಯೊಗೆ ಆಕ್ಷೇಪಣೆ ಬರೆಯಲು ಕೂತವರು ಭಾವನೇ. ಇದು ಅಜ್ಜಿಯಿಂದ ಕಲಿತ ಧಾಟಿ, ಸ್ವಂತ ಧ್ವನಿ, ಜೊತೆಗೆ ಶ್ರುತಿ ಮಾತ್ರ ಅಂತ ಚೆನ್ನಾಗಿ ಬರೆದರು. ಕೆಳಗೆ ಬಂದರೆ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರ್ ಕೇಳುತ್ತಿದೆ, ಹಕ್ಕು ಕೇಳಿದವರಿಗೂ ಅದನ್ನು ಕಳಿಸುತ್ತೇವೆ ಅಂತ ಬರೆದಿದೆ. ಭಾವ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅತ್ತೆ ಹಾಡಿದ್ದಕ್ಕೆ ಮನೆ ಅಡ್ರೆಸ್ ಯಾಕೆ ಬೇಕು ಇವರಿಗೆ?"

ಅಮ್ಮನನ್ನು ಕೇಳಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, ನಾಳೆ ಹೇಳುತ್ತೇನೆ ಅಂದಳು. ಇನ್ನೂ ಹೇಳಿಲ್ಲ. ಮುಕ್ಕಾಲು ತುಂಬಿದ ಫಾರಂ ತಮ್ಮನ ಲ್ಯಾಪ್‌ಟಾಪಿನಲ್ಲಿ ಹಾಗೇ ತೆರೆದಿದೆ.