ಸ್ಥಾನಪಲ್ಲಟ, ಎತ್ತಂಗಡಿ, ಮುಳುಗಡೆ

ಬಾಗಲಕೋಟೆಯ ನವನಗರದಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುವ ನಾನು ಪ್ರತಿ ವರ್ಷ ‘ಚಲನೆ’ಯ ಪಾಠ ಬಂದಾಗ ಹಲಗೆಯ ಮೇಲೆ ಎರಡು ಚುಕ್ಕೆಗಳನ್ನಿಟ್ಟು, ಅವುಗಳ ನಡುವೆ ಅಂಕುಡೊಂಕಾದ ಒಂದು ದಾರಿಯನ್ನೂ ನೇರವಾದ ಒಂದು ಗೆರೆಯನ್ನೂ ಎಳೆಯುತ್ತೇನೆ. ಅಂಕುಡೊಂಕು ದಾರಿಯ ಉದ್ದವೇ ಚಲಿಸಿದ ದೂರ. ನೇರ ಗೆರೆ ಸ್ಥಾನಪಲ್ಲಟ. ಮೊದಲನೆಯದಕ್ಕೆ ದಿಕ್ಕಿಲ್ಲ, ಎರಡನೆಯದಕ್ಕೆ ದಿಕ್ಕುಂಟು. ಬೆಳಿಗ್ಗೆ ಮನೆ ಬಿಟ್ಟು, ಶಾಲೆ ಮುಗಿಸಿ, ಸಂತೆಯನ್ನೆಲ್ಲ ಸುತ್ತಿ, ಸಂಜೆ ಅದೇ ಹೊಸ್ತಿಲಿಗೆ ಮರಳಿದವನು ಎಷ್ಟೇ ದಣಿದಿರಲಿ, ಅವನ ಸ್ಥಾನಪಲ್ಲಟ ಸೊನ್ನೆ. ಇದನ್ನು ಕೇಳಿ ಮಕ್ಕಳು ನಗುತ್ತಾರೆ. ಆದರೆ ಆ ತರಗತಿಯಲ್ಲಿ ಕುಳಿತ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರ ಹೊಸ್ತಿಲು ಕೃಷ್ಣೆಯ, ಘಟಪ್ರಭೆಯ ಹಿನ್ನೀರಿನ ಕೆಳಗಿದೆ. ಮರಳಿ ಹೋಗುವ ಚುಕ್ಕೆಯೇ ಇಲ್ಲವಾದಾಗ ಗೆರೆಯನ್ನು ಎಲ್ಲಿಂದ ಎಳೆಯಬೇಕು ಎಂಬುದು ಆ ಪಾಠ ಮಾಡುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ.

ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಡಿಸ್‌ಪ್ಲೇಸ್‌ಮೆಂಟ್’ ಎಂಬ ಒಂದೇ ಮಾತು ಸಾಲುತ್ತದೆ. ಕನ್ನಡ ಅದನ್ನು ಹಂಚಿ ಕೊಟ್ಟಿದೆ. ಪಠ್ಯಪುಸ್ತಕಕ್ಕೆ ಸ್ಥಾನಪಲ್ಲಟ, ಕಚೇರಿಗೆ ಸ್ಥಳಾಂತರ, ನೌಕರರ ವರ್ಗಾವಣೆಗೆ ಎತ್ತಂಗಡಿ, ದುಡಿಮೆ ಹುಡುಕಿಕೊಂಡು ಊರು ಬಿಡುವವರಿಗೆ ಗುಳೆ, ಬಲವಂತವಾಗಿ ಮನೆ ಬಿಡಿಸಿದಾಗ ಒಕ್ಕಲೆಬ್ಬಿಸುವುದು. ಈ ಕೊನೆಯ ಮಾತನ್ನು ಗಮನಿಸಬೇಕು. ನೆಲೆಯೂರಿ ಕುಳಿತ ಒಕ್ಕಲನ್ನು ಯಾರೋ ಎಬ್ಬಿಸಿದ್ದಾರೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ‘ಸ್ಥಾನಪಲ್ಲಟ’ದಲ್ಲಿ ಎಬ್ಬಿಸಿದವರು ಕಾಣುವುದಿಲ್ಲ, ಭೌತವಿಜ್ಞಾನಕ್ಕೆ ಅದು ಬೇಕಾಗಿಯೂ ಇಲ್ಲ.

ನೀರಿನ ವಿಷಯಕ್ಕೆ ಬಂದರೆ ಆರ್ಕಿಮಿಡೀಸ್ ಹೇಳಿದ್ದು ಸರಳವಾಗಿದೆ: ಮುಳುಗಿದ ವಸ್ತು ತನ್ನ ಗಾತ್ರದಷ್ಟೇ ನೀರನ್ನು ಸರಿಸುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ. ಹಡಗಿನ ತೂಕವನ್ನು ಅದು ಸರಿಸಿದ ನೀರಿನ ತೂಕದಿಂದಲೇ ಹೇಳುವುದು ಈ ಕಾರಣಕ್ಕೆ. ನಮ್ಮ ಸೀಮೆಯಲ್ಲಿ ಇದು ತಿರುವುಮುರುವಾಯಿತು. ನೀರೇ ಬಂದು ಜನರನ್ನು ಸರಿಸಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯಲ್ಲಿ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟ್ ಅನುಮತಿ ನೀಡಿತು, ಅದನ್ನು 524.256 ಮೀಟರಿಗೆ ಏರಿಸಬಹುದೆಂದು 2010ರಲ್ಲಿ ಕೃಷ್ಣಾ ನ್ಯಾಯಾಧಿಕರಣ ಹೇಳಿತು. ಎರಡರ ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ನಮ್ಮ ನದಿದಂಡೆಗಳು ಬಯಲಾಗಿರುವುದರಿಂದ ನೀರು ಒಂದು ಮೀಟರ್ ಮೇಲೇರಿದರೂ ಎರೆಹೊಲಗಳ ಮೇಲೆ ಬಹಳ ದೂರ ಹರಡಿಕೊಳ್ಳುತ್ತದೆ. ನೀರಾವರಿಯಿಂದ ಹಸಿರಾದ ಹೊಲಗಳನ್ನು ನಾನು ಕಂಡಿದ್ದೇನೆ, ಅದರ ಬೆಲೆಯನ್ನು ಅಲ್ಲಗಳೆಯುವುದಿಲ್ಲ. ಆದರೂ ನಮ್ಮ ಜನ ತಮ್ಮ ಅನುಭವಕ್ಕೆ ಮೇಲಿನ ಯಾವ ಪದವನ್ನೂ ಆರಿಸಿಕೊಳ್ಳಲಿಲ್ಲ. ‘ನಮ್ಮದು ಮುಳುಗಡಿ ಊರು’ ಎನ್ನುತ್ತಾರೆ. ಮುಳುಗಡೆ ಎಂಬುದು ಜನ ಎಲ್ಲಿಗೆ ಹೋದರೆಂದು ಹೇಳುವುದಿಲ್ಲ, ಊರಿಗೆ ಏನಾಯಿತೆಂದು ಹೇಳುತ್ತದೆ.

ರಸಾಯನಶಾಸ್ತ್ರದ ಸ್ಥಾನಪಲ್ಲಟವನ್ನು ನಾನು ನಿಜವಾಗಿ ಅರಿತದ್ದು ಪ್ರಯೋಗಾಲಯದಲ್ಲಲ್ಲ, ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಇರುವ ನಮ್ಮ ಮಾವನವರ ದ್ರಾಕ್ಷಿ ತೋಟದಲ್ಲಿ. ಬೂಜುರೋಗಕ್ಕೆ ಸಿಂಪಡಿಸಲು ಅವರು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡುತ್ತಿದ್ದರು. ತಿಳಿನೀಲಿ ದ್ರಾವಣ ಸಿದ್ಧವಾದ ಮೇಲೆ ಚೆನ್ನಾಗಿ ಮಸೆದ ಕುಡುಗೋಲನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅಲಗಿನ ಮೇಲೆ ಕೆಂಪು ಛಾಯೆ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಇಲ್ಲದಿದ್ದರೆ ಎಲೆ ಸುಡುತ್ತದೆ. ಆ ಕೆಂಪು ತಾಮ್ರದ್ದು. ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಕಬ್ಬಿಣ ತಾನು ದ್ರಾವಣದೊಳಗೆ ಇಳಿದು, ಅಲ್ಲಿದ್ದ ತಾಮ್ರವನ್ನು ಹೊರದೂಡಿ, ಅದು ಕುಡುಗೋಲಿನ ಮೈಗೆ ಬಂದು ಅಂಟಿಕೊಳ್ಳುವಂತೆ ಮಾಡುತ್ತದೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದು ಕೂರುವ ಈ ಬಗೆಗೆ ‘ಸ್ಥಾನಪಲ್ಲಟ ಕ್ರಿಯೆ’ ಎಂಬ ಪಠ್ಯದ ಹೆಸರಿಗಿಂತ ‘ಒಕ್ಕಲೆಬ್ಬಿಸುವುದು’ ಎಂಬ ಮಾತೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ಅನ್ನಿಸಿದೆ.

ಮನಶ್ಶಾಸ್ತ್ರದಲ್ಲಿ ‘ಡಿಸ್‌ಪ್ಲೇಸ್‌ಮೆಂಟ್’ ಎಂಬ ಮಾತನ್ನು ನೆಲೆಗೊಳಿಸಿದವರು ಸಿಗ್ಮಂಡ್ ಫ್ರಾಯ್ಡ್. ಕನಸುಗಳನ್ನು ವಿವರಿಸುತ್ತ ಅವರು, ಮನಸ್ಸು ತನಗೆ ಅತಿ ಮುಖ್ಯವಾದದ್ದರ ಮೇಲಿನ ಒತ್ತನ್ನು ತೆಗೆದು ಯಾವುದೋ ಕ್ಷುಲ್ಲಕ ಸಂಗತಿಯ ಮೇಲೆ ಹೇರುತ್ತದೆ ಎಂದರು. ಮುಂದೆ ಇದೇ ಮಾತು, ಬಲ್ಲಿದರ ಮೇಲೆ ತೋರಲಾಗದ ಸಿಟ್ಟನ್ನು ಬಡಪಾಯಿಗಳ ಮೇಲೆ ತೀರಿಸಿಕೊಳ್ಳುವುದಕ್ಕೂ ಸಂದಿತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂದರೆ ಸಾಕು.

ಗಾದೆಗೆ ಒದಗದ, ಫ್ರಾಯ್ಡ್ ಹೇಳಿದ ಆ ಮೊದಲ ಬಗೆಯನ್ನು ನಾನು ನಮ್ಮ ಮನೆಯಲ್ಲಿಯೇ ಕಂಡೆ. ಬೀಳಗಿ ತಾಲ್ಲೂಕಿನ ನಮ್ಮ ಊರು ಖಾಲಿಯಾದಾಗ ಎಲ್ಲರಂತೆ ನಾವೂ ಜಂತಿ, ತೊಲೆ, ಬಾಗಿಲುಗಳನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದೆವು. ಹಳೆಯ ಮನೆಯ ಸಾಗವಾನಿ ಚೌಕಟ್ಟು ಹೊಸ ಗೋಡೆಯಲ್ಲಿ ಕೂರಲಿಲ್ಲ. ಬಡಿಗ ಅದರ ಎರಡೂ ಕಾಲುಗಳನ್ನು ಒಂದೊಂದು ಗೇಣು ಕೊಯ್ದು ಹೊಂದಿಸಿದ. ಅವ್ವ ಹೊಳೆಯ ಬಗ್ಗೆಯಾಗಲಿ, ಅಣೆಕಟ್ಟೆಯ ಬಗ್ಗೆಯಾಗಲಿ, ಕಳೆದುಹೋದ ಹೊಲದ ಬಗ್ಗೆಯಾಗಲಿ ಒಂದು ಕಟುಮಾತು ಆಡಿದ್ದನ್ನು ನಾನು ಕೇಳಿಲ್ಲ. ಆದರೆ ಆ ಬಡಿಗನ ಮೇಲಿನ ಅವಳ ಸಿಟ್ಟು ವರ್ಷಗಟ್ಟಲೆ ಆರಲಿಲ್ಲ. ‘ಒಂದ ಗ್ವಾಡಿ ಎತ್ತರ ಮಾಡಾಕ ಏನಾಗಿತ್ತು, ಬಂಗಾರದಂಥಾ ಕಟ್ಟಗಿ ಕೊಯ್ದ’ ಎಂದು ಕಸ ಹೊಡೆಯುವಾಗಲೆಲ್ಲ ಆ ಚೌಕಟ್ಟಿನ ಬುಡವನ್ನು ಸೆರಗಿನಿಂದ ಒರೆಸುತ್ತಿದ್ದಳು. ಇಡೀ ಊರಿನ ದುಃಖ ಆ ಒಂದು ಗೇಣಿನಲ್ಲಿ ಹೋಗಿ ಕುಳಿತಿತ್ತು.

ಭಾಷಾವಿಜ್ಞಾನದಲ್ಲಿಯೂ ಈ ಪದಕ್ಕೊಂದು ಅರ್ಥವಿದೆ. ಮನುಷ್ಯರ ಭಾಷೆಯ ಲಕ್ಷಣಗಳನ್ನು ಪಟ್ಟಿಮಾಡಿದ ಅಮೆರಿಕದ ಚಾರ್ಲ್ಸ್ ಹಾಕೆಟ್ 1960ರ ಲೇಖನವೊಂದರಲ್ಲಿ, ಎದುರಿಗಿಲ್ಲದ್ದನ್ನು ಕುರಿತು, ಇಂದಿನದಲ್ಲದ ಕಾಲವನ್ನು ಕುರಿತು ಮಾತನಾಡಬಲ್ಲ ಶಕ್ತಿಯನ್ನೂ ಡಿಸ್‌ಪ್ಲೇಸ್‌ಮೆಂಟ್ ಎಂದೇ ಕರೆದರು. ಜೇನುಹುಳು ತಾನು ಕಂಡು ಬಂದ ಹೂವಿನ ದಿಕ್ಕು, ದೂರಗಳನ್ನು ಕುಣಿತದಿಂದ ಗೂಡಿನವರಿಗೆ ತಿಳಿಸುವುದನ್ನು ಕಾರ್ಲ್ ಫಾನ್ ಫ್ರಿಶ್ ತೋರಿಸಿಕೊಟ್ಟಿದ್ದರು. ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಹೋದ ವರ್ಷ ಒಣಗಿದ ಹೂವಿಗಾಗಿ ಯಾವ ಜೇನೂ ಕುಣಿಯುವುದಿಲ್ಲ. ಅದು ಮನುಷ್ಯರ ಪಾಲಿಗೆ ಬಂದದ್ದು. ಈ ಎಲ್ಲ ಅರ್ಥಗಳಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು ಇದೇ, ಏಕೆಂದರೆ ಒಂದು ಪಲ್ಲಟ ಕಿತ್ತುಕೊಂಡದ್ದನ್ನು ಈ ಇನ್ನೊಂದು ಪಲ್ಲಟ ಮರಳಿ ತಂದು ಎದುರಿಗಿಡುತ್ತದೆ.

ಒಂದು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅವ್ವನನ್ನು ಕರೆದುಕೊಂಡು ಊರಿದ್ದ ಜಾಗಕ್ಕೆ ಹೋಗಿದ್ದೆ. ಬಿರುಕುಬಿಟ್ಟ ಕೆಸರು, ಅಲ್ಲಲ್ಲಿ ಬುನಾದಿಯ ಕಲ್ಲು, ಕಪ್ಪೆಚಿಪ್ಪುಗಳು. ನನಗೆ ಯಾವುದು ಓಣಿ, ಯಾವುದು ಮನೆ ಎಂದು ತಿಳಿಯಲಿಲ್ಲ. ಅವ್ವ ಸೀರೆಯನ್ನು ತುಸು ಎತ್ತಿ ಹಿಡಿದು ನೇರವಾಗಿ ನಡೆದಳು. ‘ಇದು ಪಡಸಾಲಿ ಐತಿ, ಅದು ದೇವರ ಮನಿ ಐತಿ’ ಎನ್ನುತ್ತ ಕೈ ತೋರಿಸಿದಳು. ಒಂದು ಸಲವೂ ‘ಇತ್ತು’ ಎನ್ನಲಿಲ್ಲ. ನಾನು ಅವಳ ಹಿಂದೆ ಹೆಜ್ಜೆ ಹಾಕುತ್ತಿದ್ದಂತೆ ಸಟ್ಟನೆ ತೋಳು ಹಿಡಿದು ನಿಲ್ಲಿಸಿದಳು. ಎದುರಿಗೆ ಹೂಳು ತುಂಬಿದ ಸಪಾಟು ನೆಲವಿತ್ತು.

‘ನೋಡಿ ಕಾಲಿಡಪಾ, ಅಲ್ಲಿ ಹಗೇವು ಐತಿ’ ಎಂದು ಹೇಳಿ, ಕಾಳು ತುಂಬಿಡುವ ಆ ನೆಲಗುಂಡಿಯನ್ನು ತಾನು ಸುತ್ತುಹಾಕಿಕೊಂಡು ಮುಂದೆ ನಡೆದಳು. ನಾನೂ ಸುತ್ತುಹಾಕಿಕೊಂಡೇ ಹೋದೆ.